ಮಕ್ಕಳಿಗೆ ಕ್ಯಾಂಪೇನ್ ಆಟ ಕೊಳ್ಳುವ ಮೊದಲು ಹಾಜರಿ ಪುಸ್ತಕ ನೋಡಿ

ಗ್ರಂಥಾಲಯದಲ್ಲೋ ಶಾಲೆಯಲ್ಲೋ ವಾರಕ್ಕೊಮ್ಮೆ ಮಕ್ಕಳನ್ನು ಕೂರಿಸಿ ಆಟ ಆಡಿಸುವ ಕೆಲಸ ನಮ್ಮದು. ಪುಟ್ಟ ಗೊಂಬೆಗಳನ್ನು ಮಣೆಯ ಮೇಲೆ ನಡೆಸುತ್ತಾ ಒಂದೇ ಕತೆಯನ್ನು ಹತ್ತಾರು ವಾರ ಮುಂದುವರಿಸುವ ಕ್ಯಾಂಪೇನ್ ಆಟವನ್ನು ಕೊಡಗಿನಲ್ಲಿ ಯಾರಾದರೂ ಕೊಳ್ಳುವುದಿದ್ದರೆ, ಡಬ್ಬಿಯ ಚಿತ್ರ, ಅದರ ಮೇಲಿನ ವಯಸ್ಸು ಇವೆಲ್ಲ ಆಮೇಲೆ. ಮೊದಲು ಹಾಜರಿ ಪುಸ್ತಕ ತೆರೆಯಿರಿ. ನಿಯಮ ಕಷ್ಟವಾಯಿತೆಂದು ಆಟ ನಿಲ್ಲುವುದು ಕಡಿಮೆ. ಮಕ್ಕಳು ಬರಲಾಗದೆ ನಿಲ್ಲುವುದೇ ಹೆಚ್ಚು.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವಾಗ ಬೀಳುತ್ತದೋ ಹೇಳಲಾಗದು. ಭಾಗಮಂಡಲದಲ್ಲಿ ಕಾವೇರಿ ಉಕ್ಕಿ ರಸ್ತೆ ಮುಳುಗಿದರೆ ಆ ಕಡೆಯ ಮಗು ಬರುವ ಮಾತೇ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ತಾಯಿ ತೋಟಕ್ಕೆ ಹೋದರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಬೇಕು. ಹಾಗಾಗಿ ಯಾವ ಆಟಕ್ಕಾದರೂ ಮೂರು ಪ್ರಶ್ನೆ ಹಾಕಿ. ಎರಡು ವಾರ ತಪ್ಪಿದ ಮಗು ಬಂದು ಕೂತರೆ ಕತೆ ತಲೆಗೆ ಹತ್ತುತ್ತದೆಯೇ? ಅದರ ಗೊಂಬೆ ಇಲ್ಲದೆ ಉಳಿದವರು ಗೆಲ್ಲಬಹುದೇ? ಆಟದಲ್ಲಿ ಪೆಟ್ಟು ತಿಂದು ಗೊಂಬೆ ಬಿದ್ದ ಮಗು ಎಷ್ಟು ಹೊತ್ತು ಸುಮ್ಮನೆ ಕೂರಬೇಕು? ಮೂರರಲ್ಲಿ ಕೊನೆಯದೇ ತೂಕದ್ದು. ಬಸ್ಸು ಹಿಡಿದು ಬಂದ ಒಂಬತ್ತು ವರ್ಷದ ಮಗು ಇಪ್ಪತ್ತೇ ನಿಮಿಷ ಆಡಿ ಮುಕ್ಕಾಲು ಗಂಟೆ ಬೇರೆಯವರ ಆಟ ನೋಡಿದರೆ ಮುಂದಿನ ವಾರ ಬರುವುದಿಲ್ಲ.

ಹೆಸರಾದ ಆಟಗಳನ್ನು ಹೀಗೆ ತೂಗಿ ನೋಡಿ. ಮೈಸ್ ಅಂಡ್ ಮಿಸ್ಟಿಕ್ಸ್ 2012ರದು, ಏಳು ವರ್ಷ ಮೇಲ್ಪಟ್ಟವರಿಗೆ, ಹನ್ನೊಂದು ಅಧ್ಯಾಯ. ಇದರಲ್ಲಿ ಮಕ್ಕಳ ಗೊಂಬೆಗಳೆಲ್ಲ ಇಲಿಗಳು. ಪೆಟ್ಟು ತಿಂದು ಬಿದ್ದ ಇಲಿ ಸಾಯುವುದಿಲ್ಲ, ಸೆರೆಯಾಗುತ್ತದೆ. ಉಳಿದವರು ಆ ಜಾಗದ ಶತ್ರುಗಳನ್ನು ಮುಗಿಸಿದ ಮೇಲೆ ಮರಳುತ್ತದೆ, ಬದಲಿಗೆ ಇಡೀ ತಂಡದ ಸಮಯ ಕಡಿಮೆಯಾಗುತ್ತದೆ. ಮಕ್ಕಳಿಗೆ ಇಷ್ಟು ಹದವಾದ ನಿಯಮ ಅಪರೂಪ. ತೊಡಕಿರುವುದು ಉದ್ದದಲ್ಲಿ. ಅಧ್ಯಾಯವೊಂದು ಒಂದೂವರೆ ಗಂಟೆ ದಾಟುವುದು ಮಾಮೂಲು, ಕತೆಯೂ ಸರಪಳಿಯಂತೆ ಬೆಸೆದಿದೆ, ನಡುವೆ ತಪ್ಪಿದವರಿಗೆ ಕೊಂಡಿ ಸಿಗದು. ಗ್ಲೂಮ್‌ಹೇವನ್ ಸರಣಿಯ ಜಾಸ್ ಆಫ್ ದಿ ಲಯನ್ 2020ರದು, ಇಪ್ಪತ್ತೈದು ಅಧ್ಯಾಯ. ಮೊದಲ ಐದು ಆಡುತ್ತಾ ಆಡುತ್ತಾ ನಿಯಮ ಕಲಿಸುತ್ತವೆ, ಪುಸ್ತಕದ ಪುಟವೇ ಮಣೆ. ಆದರೆ ಕೈಯಲ್ಲಿನ ಕಾರ್ಡ್ ಮುಗಿದವರು ಆ ಅಧ್ಯಾಯದಿಂದ ಹೊರಗೆ. ಅದು ಹೈಸ್ಕೂಲಿನ ಕೊನೆಯ ತರಗತಿಗಳವರ ಆಟ. ಪ್ರಾಥಮಿಕ ಶಾಲೆಯವರಿಗೆ ಬೇಡ.

ಎಂಟರಿಂದ ಹದಿಮೂರರ ಮಿಶ್ರ ಗುಂಪಿಗೆ ನಮ್ಮ ಆಯ್ಕೆ ಹೀರೋಕ್ವೆಸ್ಟ್, ವೀರರು ಕೋಣೆಯಿಂದ ಕೋಣೆಗೆ ಹೋಗಿ ರಾಕ್ಷಸರೊಡನೆ ಹೋರಾಡುವ ಆಟ. ಮೂಲ ಆಟ 1989ರದು, 2021ರಲ್ಲಿ ಮತ್ತೆ ಬಂತು. ಈಗಿನ ಡಬ್ಬಿಯ ಮೇಲೆ 14 ವರ್ಷ ಎಂದಿದೆ. ದೊಡ್ಡವರೊಬ್ಬರು ಖಳ ಝಾರ್ಗನ್‌ನ ಜಾಗದಲ್ಲಿ ಕೂತು ಆಡಿಸುವುದಾದರೆ ಎಂಟರವರೂ ಆಡುತ್ತಾರೆ. ಹದಿನಾಲ್ಕು ಅಧ್ಯಾಯಗಳು ಬಹುಪಾಲು ಬಿಡಿಬಿಡಿ. ಒಂದು ತಪ್ಪಿದರೂ ನಷ್ಟವಿಲ್ಲ. ನಾಲ್ಕು ವೀರರು, ಆದರೆ ಆಡುವವರು ಕಡಿಮೆಯಾದರೆ ಶತ್ರುಗಳು ಕಡಿಮೆಯಾಗುವುದಿಲ್ಲ. ಇಬ್ಬರೇ ಬಂದ ದಿನ ಒಬ್ಬೊಬ್ಬರ ಕೈಗೆ ಎರಡೆರಡು ಗೊಂಬೆ ಕೊಡಿ.

ಯಾವ ಮಗುವಿಗೆ ಯಾವ ಗೊಂಬೆ ಎನ್ನುವಲ್ಲಿ ಹೆಚ್ಚಿನವರು ಎಡವುತ್ತಾರೆ. ಯುದ್ಧದ ದಾಳದಲ್ಲಿ ಮೂರು ಮುಖ ತಲೆಬುರುಡೆ, ಎರಡು ಬಿಳಿ ಗುರಾಣಿ, ಒಂದು ಕಪ್ಪು ಗುರಾಣಿ. ಬುರುಡೆ ಬಿದ್ದರೆ ಪೆಟ್ಟು. ರಾಕ್ಷಸರಿಗೆ ರಕ್ಷಣೆ ಕಪ್ಪು ಗುರಾಣಿ ಮಾತ್ರ. ವೀರರಲ್ಲೊಬ್ಬನಾದ ಬಾರ್ಬೇರಿಯನ್ ಮೂರು ದಾಳ ಹಾಕುತ್ತಾನೆ. ಒಂದೇ ದಾಳದಿಂದ ತಡೆಯುವ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸ ಹದಿನಾರರಲ್ಲಿ ಹದಿಮೂರು ಸಲ ಬೀಳುತ್ತದೆ. ಮಂತ್ರವಾದಿಗೆ ಒಂದೇ ದಾಳ. ಅದೇ ಗಾಬ್ಲಿನ್ ಹನ್ನೆರಡರಲ್ಲಿ ಐದೇ ಸಲ ಬೀಳುತ್ತದೆ. ಮಂತ್ರ ಒಂಬತ್ತಿವೆ ನಿಜ, ಒಂದೊಂದನ್ನೂ ಅಧ್ಯಾಯಕ್ಕೆ ಒಮ್ಮೆ ಮಾತ್ರ ಬಳಸಬಹುದು. ಚಿಕ್ಕ ಮಗು ವೇಷ ನೋಡಿ ಮಂತ್ರವಾದಿಯನ್ನೇ ಕೇಳುತ್ತದೆ, ಮೊದಲ ಎರಡು ಕೋಣೆಯಲ್ಲೇ ಮಂತ್ರವೆಲ್ಲ ಸುರಿದು ಆಮೇಲೆ ಬರೀ ಗುರಿ ತಪ್ಪುತ್ತದೆ. ಆ ಗೊಂಬೆ ಗುಂಪಿನ ಹಿರಿಯ ಮಗುವಿಗಿರಲಿ. ಎಂಟು ವರ್ಷದ್ದಕ್ಕೆ ಬಾರ್ಬೇರಿಯನ್ ಕೊಡಿ. ಮೊದಲ ಅಧ್ಯಾಯ ಹೊಸಬರಿಗೆ ಭಾರ, ಅದರಲ್ಲಿ ಗಾರ್ಗಾಯ್ಲ್ ಎಂಬ ಬಲಿಷ್ಠ ರಾಕ್ಷಸ ಒಂದು ಕಾಯುತ್ತಾ ಕೂತಿದೆ. ಇಲಿಯ ಆಟದ ನಿಯಮವನ್ನು ಇಲ್ಲಿಗೂ ತನ್ನಿ: ಬಿದ್ದ ಗೊಂಬೆ, ಉಳಿದವರು ಆ ಕೋಣೆ ಗೆದ್ದೊಡನೆ ಎರಡು ಜೀವದೊಂದಿಗೆ ಏಳಲಿ. ಪುಸ್ತಕದಲ್ಲಿ ಇಲ್ಲದ್ದು, ಆದರೂ ಹಾಕಿಕೊಳ್ಳಲೇಬೇಕಾದ ನಿಯಮ ಇದು.

ಭಾಷೆಯ ವಿಷಯ. ಒಂದೇ ಮೇಜಿನ ಸುತ್ತ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವ ಮಕ್ಕಳಿರುತ್ತಾರೆ. ಎಲ್ಲರಿಗೂ ಬರುವುದು ಶಾಲೆಯ ಕನ್ನಡ. ಚೌಕಾಬಾರದ ಮಾತನ್ನೇ ಬಳಸಿ: ಚೌಕ ಎಂದರೆ ಮನೆ. "ಪಕ್ಕದ ಮನೆಗೆ ಹೊಡೀಬಹುದು, ಮೂಲೆ ಮನೆಗೆ ಆಗಲ್ಲ" ಎಂದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಆರಂಭದ ಆಯುಧ ಯಾವುದೂ ಮೂಲೆಗೆ ತಾಗುವುದಿಲ್ಲ, ಜಗಳ ಏಳುವುದೂ ಅಲ್ಲೇ. ಗೊಂಬೆಗೆ ಶತ್ರು ಕಾಣುತ್ತದೋ ಇಲ್ಲವೋ ಎಂಬ ವಾದಕ್ಕೆ ಒಂದು ದಾರ ಇಟ್ಟುಕೊಳ್ಳಿ. ಮನೆಯ ನಡುವಿನಿಂದ ನಡುವಿಗೆ ಎಳೆದಾಗ ಗೋಡೆಗೋ ಮುಚ್ಚಿದ ಬಾಗಿಲಿಗೋ ತಾಗಿದರೆ ಕಾಣುವುದಿಲ್ಲ.

ಕಾರ್ಡ್‌ಗಳನ್ನು ಕನ್ನಡಕ್ಕೆ ತರುವಾಗ ಕಾರ್ಡಿನ ಮೇಲೆ ಅಂಟಿಸಬೇಡಿ. ಪಾರದರ್ಶಕ ಕವರಿಗೆ ಹಾಕಿ, ಇಂಗ್ಲಿಷ್ ಬರಹ ಇರುವಷ್ಟೇ ಜಾಗಕ್ಕೆ ಕನ್ನಡ ಚೀಟಿ ಕತ್ತರಿಸಿ ಒಳಗೆ ಸೇರಿಸಿ, ಚಿತ್ರ ಕಾಣುತ್ತಿರಲಿ. ಕಟ್ಟಿನ ಎಲ್ಲ ಕಾರ್ಡಿಗೂ ಒಂದೇ ದಪ್ಪದ ಕಾಗದ ಇರಬೇಕು. ಕೆಲವಕ್ಕೆ ಮಾತ್ರ ಚೀಟಿ ಇದ್ದರೆ ಬೆರಳಿಗೆ ದಪ್ಪ ಸಿಗುತ್ತದೆ, ಮೂರನೇ ವಾರದೊಳಗೆ ಮಕ್ಕಳು ನಿಧಿಯ ಕಾರ್ಡನ್ನು ಮುಟ್ಟಿಯೇ ಗುರುತಿಸುತ್ತಾರೆ.

ಇನ್ನು ತೇವ. ಮಡಿಕೇರಿಯ ಮಳೆಗಾಲದಲ್ಲಿ ರಟ್ಟಿನ ಮಣೆ ಬಾಗುತ್ತದೆ, ಕಾರ್ಡಿಗೆ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ. ರಬ್ಬರ್ ಅಂಚಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬಾಗಿದ ಮಣೆಯನ್ನು ಒಲೆಯ ಹತ್ತಿರ ಒಣಗಿಸಿದರೆ ಮೇಲಿನ ಚಿತ್ರದ ಕಾಗದ ಏಳುತ್ತದೆ. ದಪ್ಪ ಪುಸ್ತಕಗಳ ಅಡಿ ಎರಡು ಮೂರು ದಿನ ಇಟ್ಟರೆ ಸಾಕು. ಗೊಂಬೆಯ ಕತ್ತಿ ಸೊಟ್ಟಗಾಗಿದ್ದರೆ ಕುದಿಯದ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ಒಡನೆ ತಣ್ಣೀರಿಗೆ ಹಾಕಿ; ಈ ಕೆಲಸ ದೊಡ್ಡವರೇ ಮಾಡಲಿ. ಬಣ್ಣ ಬಳಿಯುವ ಆಸೆ ಇದ್ದರೆ ಮಳೆ ಮುಗಿಯುವವರೆಗೆ ತಾಳಿ. ತೇವದ ಗಾಳಿಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಲೇಪ) ಹೊಡೆದರೆ ಮೇಲ್ಮೈ ಪುಡಿಪುಡಿಯಾಗುತ್ತದೆ, ಮುಖದ ಗೆರೆಗಳು ಮುಚ್ಚಿಹೋಗುತ್ತವೆ.

ತೊಂಬತ್ತು ನಿಮಿಷ ಸಿಕ್ಕರೆ ಹದಿನೈದು ಜೋಡಿಸಲು, ಅರವತ್ತು ಆಡಲು, ಹದಿನೈದು ಎತ್ತಿಡಲು. ಕೊನೆಯ ಹದಿನೈದನ್ನು ಆಟಕ್ಕೆ ಬಿಟ್ಟುಕೊಡಬೇಡಿ. ಪ್ರತಿ ಮಗುವಿನ ಗೊಂಬೆ, ಚಿನ್ನದ ಲೆಕ್ಕ, ಕೊಂಡ ಆಯುಧದ ಕಾರ್ಡ್ ಒಂದು ಜಿಪ್ ಕವರಿಗೆ ಹೋಗಲಿ, ಮೇಲೆ ಹೆಸರಿರಲಿ. ಅಂದು ಬಾರದ ಮಗುವಿನ ಕವರಿಗೆ, ಏನೇನಾಯಿತೆಂದು ಜೊತೆಗಾರರಲ್ಲೊಬ್ಬರು ಎರಡು ಸಾಲು ಬರೆದು ಹಾಕಿ ಹೋಗಲಿ.