ಹಾಲ್ ಬುಕ್ ಮಾಡುವ ಮೊದಲು ಒಂದು ಫೋನ್ ಮಾಡಿ

ನ್ಯೂಯಾರ್ಕ್ ರಾಜ್ಯದ ಒಂದು ಎಪಿಸ್ಕೋಪಲ್ ಚರ್ಚಿನ ಆಫೀಸಿನಲ್ಲಿ ನನ್ನ ಕೆಲಸ. ಪಾದ್ರಿ ಅಲ್ಲ ನಾನು. ಫೋನ್ ಎತ್ತುವುದು, ಕ್ಯಾಲೆಂಡರ್ ನೋಡಿಕೊಳ್ಳುವುದು, ರಿಜಿಸ್ಟರ್ ಬರೆಯುವುದು, ಇಷ್ಟೇ. ಬೆಳೆದದ್ದು ಮಂಗಳೂರಿನಲ್ಲಿ, ಚರ್ಚ್ ಆಫ್ ಸೌತ್ ಇಂಡಿಯಾದ, ಅಂದರೆ ಸಿಎಸ್‌ಐ ಸಭೆಯಲ್ಲಿ. ಎರಡೂ ಇಂಗ್ಲೆಂಡಿನ ಚರ್ಚಿನ ನಂಟಿರುವ ಆಂಗ್ಲಿಕನ್ ಬಳಗದವೇ ಆದ್ದರಿಂದ ಇಲ್ಲಿನ ಆರಾಧನೆ ಹೊಸದು ಅನ್ನಿಸಲಿಲ್ಲ. ಕಲಿಯಬೇಕಾಗಿ ಬಂದದ್ದು ಫೋನಿನಲ್ಲಿ ಮಾತಾಡುವುದನ್ನು.

ಜನ ಮೊದಲು ಹಾಲ್ ಬುಕ್ ಮಾಡುತ್ತಾರೆ, ಊಟಕ್ಕೆ ಹೇಳುತ್ತಾರೆ, ಕೊನೆಗೆ ಚರ್ಚಿಗೆ ಫೋನ್ ಮಾಡುತ್ತಾರೆ. "ಜೂನ್ ಎರಡನೇ ಶನಿವಾರ ಮಗುವಿನ ದೀಕ್ಷಾಸ್ನಾನ ಆಗಬೇಕು, ಅಜ್ಜಿ ಫ್ಲೋರಿಡಾದಿಂದ ಬರ್ತಾರೆ." ನಾವು ಬಳಸುವುದು 1979ರ ಪ್ರಾರ್ಥನಾ ಪುಸ್ತಕ. ಅದರ ಪ್ರಕಾರ ದೀಕ್ಷಾಸ್ನಾನಕ್ಕೆ, ಅಂದರೆ ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ವಿಧಿಗೆ, ತಕ್ಕ ಜಾಗ ಭಾನುವಾರದ ಅಥವಾ ಹಬ್ಬದ ಮುಖ್ಯ ಆರಾಧನೆ. ಈಸ್ಟರ್ ಹಿಂದಿನ ರಾತ್ರಿ, ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೊಸ್ತ್ ಹಬ್ಬ, ನವೆಂಬರಿನ ಸಕಲ ಸಂತರ ಹಬ್ಬ, ಜನವರಿಯಲ್ಲಿ ಬರುವ ಯೇಸುವಿನ ದೀಕ್ಷಾಸ್ನಾನದ ಭಾನುವಾರ, ಇಲ್ಲವೇ ಬಿಷಪ್ ಬರುವ ದಿನ ಆದರೆ ಇನ್ನೂ ಒಳ್ಳೆಯದು. ಇದು ಸುಮ್ನೆ ಹಟ ಅಲ್ಲ. ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೀವೂ ಕೈಜೋಡಿಸುತ್ತೀರಾ ಅಂತ ಇಡೀ ಸಭೆಯನ್ನು ಕೇಳುತ್ತಾರೆ, ಸಭೆ ಹೌದು ಅನ್ನಬೇಕು. ಶನಿವಾರ ಖಾಲಿ ಬೆಂಚುಗಳು ಏನು ಹೇಳುತ್ತವೆ?

ಆದರೆ ಇದನ್ನೆಲ್ಲ ಫೋನಿನಲ್ಲಿ ಮೊದಲೇ ಒಪ್ಪಿಸುವುದರಿಂದ ಪ್ರಯೋಜನ ಇಲ್ಲ. "ಅಜ್ಜಿ ಎಷ್ಟು ದಿನ ಇರ್ತಾರೆ?" ಅಂತ ಕೇಳಬೇಕು. ಹೆಚ್ಚಿನ ಸಲ ಅಷ್ಟರಲ್ಲಿ ಒಂದು ಭಾನುವಾರ ಸಿಕ್ಕೇ ಸಿಗುತ್ತದೆ. ಮಗು ಆಸ್ಪತ್ರೆಯಲ್ಲಿದ್ದು ಸ್ಥಿತಿ ಕೆಟ್ಟಿದ್ದರೆ ಮಾತ್ರ ಯಾವ ದಿನವನ್ನೂ ಕಾಯುವುದಿಲ್ಲ. ದೀಕ್ಷಾಸ್ನಾನ ಆದವರು ಯಾರೇ ಇರಲಿ, ಒಬ್ಬ ನರ್ಸ್ ಕೂಡ, ನೀರು ಹಾಕಿ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಮಾಡಬಹುದು. ಆಮೇಲೆ ನಮಗೆ ತಿಳಿಸಿದರೆ ರಿಜಿಸ್ಟರಿಗೆ ಸೇರುತ್ತದೆ.

ಮದುವೆಯ ಕಥೆ ಕಾಗದದ್ದೇ ಜಾಸ್ತಿ. ಪಾದ್ರಿಗೆ 30 ದಿನ ಮೊದಲು ತಿಳಿಸಬೇಕು, ಇಬ್ಬರಲ್ಲಿ ಒಬ್ಬರಿಗಾದರೂ ದೀಕ್ಷಾಸ್ನಾನ ಆಗಿರಬೇಕು, ಇಬ್ಬರು ಸಾಕ್ಷಿಗಳು ಬೇಕು. ವಿಚ್ಛೇದನ ಆಗಿ ಹಳೆಯ ಸಂಗಾತಿ ಬದುಕಿದ್ದರೆ ಬಿಷಪ್ ಒಪ್ಪಿಗೆಯೂ ಬೇಕು. ಹಾಗಾಗಿ "ಇಬ್ಬರಿಗೂ ಇದು ಮೊದಲ ಮದುವೆಯೇ?" ಅಂತ ಮೊದಲ ಕರೆಯಲ್ಲೇ ಕೇಳಿಬಿಡುತ್ತೇನೆ. ನಮ್ಮ ಕಡೆ ಹೀಗೆ ಕೇಳಿದರೆ ಫೋನ್ ಕುಕ್ಕುತ್ತಾರೆ. ಇಲ್ಲಿನವರು ಆರಾಮಾಗಿ ಉತ್ತರ ಕೊಡುತ್ತಾರೆ. ಸರ್ಕಾರದ ಮದುವೆ ಲೈಸೆನ್ಸ್ ಬೇರೆ ಇದೆಯಲ್ಲ, ಅದು ಊರಿನ ಕ್ಲರ್ಕ್ ಕಚೇರಿಯಿಂದ ಬರಬೇಕು. ಕೈಗೆ ಬಂದ ಮೇಲೆ 24 ಗಂಟೆ ಕಾಯಬೇಕು, 60 ದಿನದೊಳಗೆ ಮದುವೆ ಮುಗಿಯಬೇಕು. ಶುಕ್ರವಾರ ಸಂಜೆ ಲೈಸೆನ್ಸ್ ತಂದು ಶನಿವಾರ ಬೆಳಿಗ್ಗೆ ಉಂಗುರ ಹಾಕುತ್ತೇವೆ ಅಂದರೆ, ನ್ಯಾಯಾಧೀಶರ ವಿನಾಯಿತಿ ಇಲ್ಲದೆ ಆಗುವುದಿಲ್ಲ.

ಸಾವಿನ ವಿಷಯದಲ್ಲಿ ಮೊದಲ ಕರೆ ಮನೆಯವರದ್ದಲ್ಲ, ಶವಸಂಸ್ಕಾರದ ಏರ್ಪಾಡು ಮಾಡುವ ಫ್ಯೂನರಲ್ ಹೋಮಿನವರದ್ದು. ಅಷ್ಟರಲ್ಲಿ ಅಂತ್ಯಕ್ರಿಯೆಯ ಹೊತ್ತು ನಿಗದಿಯಾಗಿ ಪತ್ರಿಕೆಗೂ ಹೋಗಿರುತ್ತದೆ. ಅದೇ ಹೊತ್ತಿಗೆ ನಮ್ಮಲ್ಲಿ ಒಂದು ಮದುವೆ! ಆಗ ನಾನು ಫ್ಯೂನರಲ್ ಹೋಮಿನವರ ಜೊತೆ ವಾದಕ್ಕೆ ಇಳಿಯುವುದಿಲ್ಲ, ನೇರ ಮನೆಯವರಿಗೇ ಫೋನ್ ಮಾಡುತ್ತೇನೆ. ಸಾವಿನ ಸುದ್ದಿ ಬೇಗ ಪಾದ್ರಿಗೆ ಮುಟ್ಟಬೇಕು, ಅವರ ಜೊತೆ ಕೂತೇ ಏರ್ಪಾಡು ಆಗಬೇಕು ಅಂತ ಪ್ರಾರ್ಥನಾ ಪುಸ್ತಕದಲ್ಲೂ ಇದೆ.

ಆರಾಧನೆ ಶುರುವಾಗುವ ಮೊದಲು ಶವಪೆಟ್ಟಿಗೆ ಮುಚ್ಚಿರಬೇಕು. ಕೊನೆಯವರೆಗೂ ಮುಖ ನೋಡಿ ಬೆಳೆದ ನಮ್ಮಂಥವರಿಗೆ ಇದು ಕಷ್ಟ. ಮುಖ ನೋಡುವುದಿದ್ದರೆ ಅದಕ್ಕೂ ಮೊದಲೇ ಆಗಬೇಕು ಅಂತ ಹಿಂದಿನ ದಿನವೇ ಹೇಳಿಬಿಡುತ್ತೇನೆ, ಬಾಗಿಲಲ್ಲಿ ಹೇಳಿದರೆ ಗಲಾಟೆ. ಸತ್ತವರು ಸೈನ್ಯದಲ್ಲಿದ್ದರೆ ಪೆಟ್ಟಿಗೆ ಬಾವುಟ ಹೊದ್ದು ಬರುತ್ತದೆ. ಚರ್ಚಿನ ಬಾಗಿಲಲ್ಲೇ ಬಾವುಟ ಮಡಚಿ ತೆಗೆದು ನಮ್ಮ ಬಿಳಿ ಹೊದಿಕೆ ಹಾಕುತ್ತೇವೆ, ಹೊರಡುವಾಗ ಮತ್ತೆ ಬಾವುಟ. ಹೊದಿಕೆಯ ತುದಿಗಳು ನೆಲಕ್ಕೆ ತಾಗುವಷ್ಟು ಇಳಿಯುತ್ತವೆ. ಕೆಳಗಿರುವುದು ಸಾವಿರಾರು ಡಾಲರಿನ ಮಹಾಗನಿಯೋ ಸಾದಾ ಪೈನ್ ಮರವೋ, ಬೆಂಚಿನಲ್ಲಿ ಕೂತವರಿಗೆ ಗೊತ್ತಾಗುವುದೇ ಇಲ್ಲ. ಬಡ ಮನೆಯವರಿಗೆ ಈ ಬಟ್ಟೆ ಎಷ್ಟು ದೊಡ್ಡ ಉಪಕಾರ ಅನ್ನುವುದು ನನಗೆ ಈ ಕೆಲಸದಲ್ಲೇ ತಿಳಿದದ್ದು. ಪೆಟ್ಟಿಗೆಯ ಹತ್ತಿರ ಉರಿಯುವ ದೊಡ್ಡ ಮೇಣದಬತ್ತಿ ಈಸ್ಟರಿನದು, ದೀಕ್ಷಾಸ್ನಾನದ ದಿನ ಹಚ್ಚುವುದೂ ಅದನ್ನೇ.

ಮೂರಕ್ಕೂ ಕೊನೆಯ ಕೆಲಸ ರಿಜಿಸ್ಟರ್. ಅಂದಂದಿನದು ಅಂದೇ ಬರೆಯಬೇಕು. ವರ್ಷಗಳು ಕಳೆದು ಪಾಸ್‌ಪೋರ್ಟಿಗೋ ವಂಶಾವಳಿಗೋ ಯಾರೋ ಫೋನ್ ಮಾಡುತ್ತಾರೆ, ಆಗ ನೋಡಿದರೆ ಹಳೆಯ ಪುಟದಲ್ಲಿ ಅಪ್ಪನ ಹೆಸರು ಮಾತ್ರ ಇರುತ್ತದೆ, ತಾಯಿಯದೇ ಇರುವುದಿಲ್ಲ. ನಮ್ಮ ಕಡೆಯ ಮನೆಗಳ ವಿಷಯ ಬಂದರೆ ಇನಿಷಿಯಲ್ ಒಂದು ತಲೆನೋವು. ಕೆ ಅಂದರೆ ಊರೋ, ಅಪ್ಪನೋ, ಮನೆತನವೋ? ಮಗುವಿನ ಜನನ ಪತ್ರದ ಪ್ರತಿ ತರಿಸಿಕೊಂಡು, ಅದರಲ್ಲಿ ಇದ್ದ ಹಾಗೆಯೇ ಒಂದೊಂದೇ ಅಕ್ಷರ ನೋಡಿ ಬರೆಯುತ್ತೇನೆ. ಮನೆಯಲ್ಲಿ ಚಿನ್ನು ಅಂತ ಕರೆಯುತ್ತಾರಾ, ಕರೆಯಲಿ. ರಿಜಿಸ್ಟರಿನಲ್ಲಿ ಚಿನ್ನುಗೆ ಜಾಗ ಇಲ್ಲ.