ಹದಿನಾಲ್ಕನೆಯ ಸುಂಡಿಲಿ

19 ಜನವರಿ 2024, ಶುಕ್ರವಾರ, ಬೆಂಗಳೂರು

ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಒದ್ದೆ ಇಲಿಯ ವಾಸನೆ ಹೋಗಿಲ್ಲ. ಭಾನುವಾರದಿಂದ ನಿನ್ನೆಯವರೆಗೆ, ಸಂಕ್ರಾಂತಿಯ ದಿನವನ್ನೂ ಬಿಡದೆ, ಸುಂಡಿಲಿಗಳನ್ನು ಈಜಿಸಿದ್ದೇ ಈಜಿಸಿದ್ದು. ದಿನಕ್ಕೆ ನಾಲ್ಕು ಸರದಿ, ಸರದಿಗೆ 60 ಸೆಕೆಂಡು. ಬಿಳಿ ಬಣ್ಣ ಕದಡಿದ ದುಂಡು ತೊಟ್ಟಿ. ನೀರಿನ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ ಕಾಣದಂತೆ ಇಟ್ಟ ಪುಟ್ಟ ಕಟ್ಟೆ. ಗೋಡೆಗೆ ಅಂಟಿಸಿದ ತ್ರಿಕೋನ, ವೃತ್ತಗಳ ಗುರುತು ಹಿಡಿದು ಇಲಿ ಕಟ್ಟೆಯ ಜಾಗವನ್ನು ನೆನಪಿಟ್ಟುಕೊಳ್ಳಬೇಕು. ನರವಿಜ್ಞಾನಿ ರಿಚರ್ಡ್ ಮೋರಿಸ್ 1981ರಲ್ಲಿ ಪ್ರಕಟಿಸಿದ ಉಪಾಯ ಇದು.

ಸುಂಡಿಲಿಗೆ ತಾನಾಗಿ ಆಲ್ಜೈಮರ್ ಎಂಬ ಮರೆವಿನ ರೋಗ ಬರುವುದಿಲ್ಲ. ಮನುಷ್ಯರ ದೋಷಪೂರಿತ ಜೀನ್ ಸೇರಿಸಿ, ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗುವಂತೆ ಮಾಡುತ್ತೇವೆ. ಯಾವುದು ರೋಗದ್ದು, ಯಾವುದು ಆರೋಗ್ಯದ್ದು ಎಂಬ ಪಟ್ಟಿ ಮಾತ್ರ ಬೇರೆಯವರ ಬೀರುವಿನಲ್ಲಿದೆ. ಗೊತ್ತಿದ್ದರೆ ನನ್ನ ಕಣ್ಣೇ ಪಕ್ಷ ವಹಿಸೀತು.

ಇಂದು ಕಟ್ಟೆಯನ್ನೇ ತೆಗೆದು ಈಜಲು ಬಿಟ್ಟೆವು. ನೆನಪಿರುವ ಇಲಿ ಕಟ್ಟೆಯಿದ್ದ ಕಾಲು ಭಾಗದಲ್ಲೇ ಸುತ್ತಾಡುತ್ತದೆ. ಸುಮ್ಮನೆ ಈಜಿದರೂ ಅಲ್ಲಿ 15 ಸೆಕೆಂಡು ಸಿಗಬೇಕು. ಹದಿನಾಲ್ಕನೆಯದು 11 ಸೆಕೆಂಡು ಇತ್ತು. ಉಳಿದ ಹೊತ್ತೆಲ್ಲ ತೊಟ್ಟಿಯ ಅಂಚು ಸವರುತ್ತಾ ಸುತ್ತಿತು. ಎಷ್ಟು ಸ್ಪಷ್ಟವಾದ ಮರೆವು ಎಂದು ಒಳಗೊಳಗೇ ಖುಷಿಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಮಧ್ಯಾಹ್ನ ಕಟ್ಟೆಯನ್ನು ನೀರಿನ ಮೇಲಕ್ಕೆತ್ತಿ, ಬಾವುಟ ನೆಟ್ಟು ಇನ್ನೊಂದು ಪರೀಕ್ಷೆ. ಇದರಲ್ಲಿ ನೆನಪಿನ ಕೆಲಸವಿಲ್ಲ, ಕಂಡರೆ ಸಾಕು. ಹದಿನಾಲ್ಕನೆಯದು ಬಾವುಟದ ಪಕ್ಕದಲ್ಲೇ ಹಾದುಹೋಯಿತು. ಮೂರು ಸಲವೂ ಅಷ್ಟೇ. ಪ್ರಯೋಗಾಲಯದ ಕೆಲವು ಇಲಿ ವಂಶಗಳಲ್ಲಿ ಆರ್‌ಡಿ1 ಎಂಬ ಜೀನ್ ದೋಷವಿರುತ್ತದೆ; ತಾಯಿ, ತಂದೆ ಇಬ್ಬರಿಂದಲೂ ಬಂದರೆ ಮರಿ ಕೆಲವೇ ವಾರಗಳಲ್ಲಿ ಕುರುಡಾಗುತ್ತದೆ. ಇದಕ್ಕೂ ಹಾಗೆಯೇ ಆಗಿರಬೇಕು. ಪಾಪ, ಕಾಣದ ತ್ರಿಕೋನವನ್ನು ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಇಪ್ಪತ್ತು ಸರದಿಗಳ ಲೆಕ್ಕದ ಮೇಲೆ ಗೀಟು ಎಳೆದೆ.

ನಮ್ಮ ಅಜ್ಜಿ ಅತ್ತೆಯನ್ನು ಕೆಲಸದವಳೆಂದು ಮಾತನಾಡಿಸಿದಾಗ ಮನೆಯವರೆಲ್ಲ ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕಿದ್ದೆವು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತೆಗೆಸಿದ ಮೇಲೆ ಅತ್ತೆ ಮತ್ತೆ ಅತ್ತೆಯಾದಳು. ಒಲೆಯ ಮೇಲಿಟ್ಟ ಹಾಲು ಮಾತ್ರ ಈಗಲೂ ಉಕ್ಕಿ ಚೆಲ್ಲುತ್ತದೆ.

ಸಂಜೆ ಹದಿನಾಲ್ಕನೆಯದನ್ನು ಟವೆಲ್ಲಿನಲ್ಲಿ ಒರೆಸಿ ದೀಪದ ಶಾಖಕ್ಕೆ ಇಟ್ಟೆ. ಮೀಸೆಯಿಂದ ನನ್ನ ಬೆರಳನ್ನೆಲ್ಲ ತಡವಿ ನೋಡಿತು. ನಾಳೆ ತೊಟ್ಟಿ ಖಾಲಿ ಮಾಡಬೇಕು.