ಸತ್ತ ದಿನ ಯಾವುದು

ಬೆಳಿಗ್ಗೆ ಅಮ್ಮ ದೋಸೆ ಹಿಟ್ಟಿನ ಮುಚ್ಚಳ ತೆಗೆದು, ಒಮ್ಮೆ ಮೂಸಿ, ಸೌಟಿನಲ್ಲಿ ಒಂದು ಸುತ್ತು ತಿರುಗಿಸಿ, "ಇದು ನಿನ್ನೆದಲ್ಲ, ಮೊನ್ನೆದು" ಅಂದರು. ರಾತ್ರಿ ಓದಿದ್ದು ತಲೆಯಲ್ಲೇ ಇತ್ತು, ಥಟ್ಟನೆ ನೆನಪಾಯಿತು.

ಶವ ಸಿಕ್ಕಾಗ ಮೈಯ ಬಿಸಿ, ಸೆಟೆತ ನೋಡಿ ಸತ್ತ ಹೊತ್ತು ಹೇಳುವುದು ಮೊದಲ ಒಂದೆರಡು ದಿನ ಮಾತ್ರ ಸಾಧ್ಯ. ಆಮೇಲೆ? ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಜೆಸಿಕಾ ಮೆಟ್‌ಕಾಫ್ ಮತ್ತು ಸಂಗಡಿಗರು ಸೂಕ್ಷ್ಮಜೀವಿಗಳನ್ನು ಕೇಳಿದರು. ಅಮೆರಿಕದ ಕೊಲೊರಾಡೊ, ಟೆನೆಸ್ಸೀ, ಟೆಕ್ಸಾಸ್‌ಗಳಲ್ಲಿ ಒಟ್ಟು 36 ದೇಹಗಳನ್ನು ಬಯಲಲ್ಲಿಟ್ಟು, 21 ದಿನ ಚರ್ಮದಿಂದಲೂ ಪಕ್ಕದ ಮಣ್ಣಿನಿಂದಲೂ ಮಾದರಿ ತೆಗೆದರು. ಹವೆ ಬೇರೆ, ಮಣ್ಣು ಬೇರೆ. ಆದರೂ ಸುಮಾರು 20 ಬಗೆಯ ಸೂಕ್ಷ್ಮಜೀವಿಗಳು ಮೂರೂ ಕಡೆ ಹಾಜರ್, ಅದೂ ಸರದಿ ತಪ್ಪದಂತೆ! ಅವನ್ನು ಹೊತ್ತು ತರುವುದು ನೊಣ, ಹುಳಗಳು ಇರಬೇಕಂತೆ. ಆ ಸರದಿ ನೋಡಿ ಕಂಪ್ಯೂಟರ್ ಸತ್ತ ದಿನವನ್ನು ಮೂರು ದಿನ ಆಚೀಚೆಯಲ್ಲಿ ಹೇಳುತ್ತದೆ. 2024ರಲ್ಲಿ ಪ್ರಕಟವಾದ ಕೆಲಸ ಇದು.

ನನ್ನ ಮನಸ್ಸು ಮಾತ್ರ ಆ 36 ಜನರನ್ನು ಬಿಟ್ಟು ಬರುತ್ತಿಲ್ಲ. ದಾನವಾಗಿ ಬಂದ ದೇಹಗಳು. ಎಲ್ಲೋ, ಯಾರದೋ ಮಗಳು ಯಾವತ್ತು ಹೋದಳು ಎಂದು ತಿಳಿಯಲಿ ಅಂತ ಬಿಸಿಲು ಮಳೆಯಲ್ಲಿ ಮಲಗಿದ್ದವರು.

ನಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇದೆ. ಮಗ ಸಿಕ್ಕಿದ್ದು ಬಹಳ ದಿನದ ಮೇಲೆ, ಸತ್ತ ತಿಥಿ ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೇ ಎಡೆ ಇಡುತ್ತಾರೆ.